ರೀಲು, ಬಂಡಲ್ ಮತ್ತು ಫ್ಯಾಬ್ರಿಕೇಷನ್

ಇಲ್ಲದ್ದನ್ನು ಹೇಳುವುದಕ್ಕೆ ಇಂಗ್ಲಿಷಿನಲ್ಲಿ ಎಷ್ಟೊಂದು ಪದಗಳು! ಫಿಕ್ಷನಲ್, ಫಿಕ್ಟಿಷಸ್, ಇಮ್ಯಾಜಿನರಿ, ಫ್ಯಾಬ್ರಿಕೇಟೆಡ್, ಬೋಗಸ್, ಫೇಕ್, ಕೌಂಟರ್‌ಫೀಟ್. ಶಿವಮೊಗ್ಗದಲ್ಲಿ ಸಂಜೆ ಹೊತ್ತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೆ ಇಂಗ್ಲಿಷ್ ಹೇಳಿಕೊಡುವ ನನಗೆ ಈ ಪಟ್ಟಿ ಪ್ರತಿ ಬ್ಯಾಚಿನಲ್ಲೂ ಎದುರಾಗುತ್ತದೆ. ಅವರ ಕೈಯಲ್ಲಿರುವ ಗೈಡುಗಳಿಗೆ ಇದೇನೂ ತಲೆನೋವಲ್ಲ. ಅರ್ಧ ಪದಗಳ ಮುಂದೆ ‘ಕಾಲ್ಪನಿಕ’, ಉಳಿದರ್ಧದ ಮುಂದೆ ‘ಸುಳ್ಳು’ ಎಂದು ಬರೆದು ಕೈತೊಳೆದುಕೊಂಡಿರುತ್ತವೆ.

ಕಳೆದ ಮಳೆಗಾಲದಲ್ಲಿ ಒಂದು ದಿನ ‘ಫ್ಯಾಬ್ರಿಕೇಟೆಡ್’ಗೆ ಬಂದಿದ್ದೆವು. ಇಲ್ಲದ ಸಾಕ್ಷಿಯನ್ನು ಹುಟ್ಟಿಸಿ ಕೋರ್ಟಿಗೆ ಕೊಡುತ್ತಾರಲ್ಲ, ಅಂಥದ್ದು ಎಂದು ವಿವರಿಸುತ್ತಿದ್ದೆ. ಹಿಂದಿನ ಬೆಂಚಿನಿಂದ ಭದ್ರಾವತಿಯ ಹುಡುಗನೊಬ್ಬ ಎದ್ದ. ‘ಸಾರ್, ನಮ್ಮಪ್ಪಂದು ಫ್ಯಾಬ್ರಿಕೇಷನ್ ಶಾಪು. ಗೇಟು, ಗ್ರಿಲ್ಲು, ಶೆಡ್ಡು ಮಾಡ್ತಾರೆ. ಎಲ್ಲ ಗಟ್ಟಿ ಮಾಲು.’ ಕ್ಲಾಸು ಗೊಳ್ಳೆಂದಿತು. ಅವನು ನಗಲಿಲ್ಲ. ಅಪ್ಪನ ಅಂಗಡಿಯ ಬೋರ್ಡಿಗೆ ಯಾರೋ ಮಸಿ ಬಳಿದಂತೆ ನಿಂತಿದ್ದ.

ನನಗೆ ಅವನ ಆಕ್ಷೇಪಣೆ ತುಂಬ ಇಷ್ಟವಾಯಿತು. ಬೆಂಕಿಪುರ ಎಂಬ ಹಳೆಯ ಹೆಸರಿನ ಊರಿನಿಂದ ಬಂದ ಹುಡುಗ. ಆ ಊರಿನಲ್ಲಿ 1918ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಹುಟ್ಟಿತು, 1923ರಲ್ಲಿ ಕಬ್ಬಿಣ ಕರಗಿ ಹರಿಯತೊಡಗಿತು. ಮುಂದೆ ಅದಕ್ಕೆ ವಿಶ್ವೇಶ್ವರಯ್ಯನವರ ಹೆಸರೇ ಬಂತು. ಇಂಥ ಕಡೆ ಬೆಳೆದವರಿಗೆ ಫ್ಯಾಬ್ರಿಕೇಷನ್ ಎಂದರೆ ವೆಲ್ಡಿಂಗಿನ ನೀಲಿ ಬೆಳಕು, ಕಣ್ಣುರಿ, ಅಂಗಿಯ ತುಂಬ ಕಿಡಿ ಸುಟ್ಟ ತೂತು. ಅದರಲ್ಲಿ ಸುಳ್ಳು ಎಲ್ಲಿಂದ ಬರಬೇಕು?

ನಿಘಂಟು ತೆರೆದರೆ ಹುಡುಗನ ಅರ್ಥವೇ ಹಿರಿಯಣ್ಣ. ಲ್ಯಾಟಿನ್ನಿನಲ್ಲಿ ‘ಫಾಬರ್’ ಎಂದರೆ ಕಮ್ಮಾರ, ಕೈಕಸುಬಿನವನು. ಅವನು ಮಾಡುವ ಕೆಲಸ ಫ್ಯಾಬ್ರಿಕೇಷನ್. ಸುಳ್ಳು ಸಾಕ್ಷಿಯೆಂಬ ಅರ್ಥ ಆಮೇಲೆ ಬಂದು ಸೇರಿಕೊಂಡ ತಮ್ಮ. ‘ಫಿಕ್ಷನ್’ನದೂ ಇದೇ ಕಥೆ, ಅದರ ಬೇರು ‘ಫಿಂಗೆರೆ’, ಅಂದರೆ ಮಣ್ಣನ್ನೋ ಹಿಟ್ಟನ್ನೋ ನಾದಿ ಆಕಾರ ಕೊಡುವುದು. ಕೌಂಟರ್‌ಫೀಟಿನ ಹೊಟ್ಟೆಯೊಳಗೂ ‘ಮಾಡು’ ಎನ್ನುವ ಧಾತುವೇ ಕೂತಿದೆ. ಕಮ್ಮಾರ, ಕುಂಬಾರರ ಕೆಲಸಕ್ಕಿದ್ದ ಮಾತುಗಳೆಲ್ಲ ಮೋಸಗಾರರ ಪಾಲಾದವು.

ಇಂಗ್ಲಿಷನ್ನು ಬೈಯುವ ಮೊದಲು ನಮ್ಮ ಮನೆ ನೋಡಿಕೊಳ್ಳಬೇಕು. ಮನೆ ಕಟ್ಟುತ್ತೇವೆ, ಹೂ ಕಟ್ಟುತ್ತೇವೆ, ಸಂಘ ಕಟ್ಟುತ್ತೇವೆ. ‘ಕಥೆ ಕಟ್ಟಬೇಡ’ ಎಂದು ಮಕ್ಕಳನ್ನು ಗದರುತ್ತೇವೆ. ಕುವೆಂಪು ಅವರ ಕಾದಂಬರಿಗೆ ‘ಕೃತಿ’ ಎಂದು ಕೈಮುಗಿಯುತ್ತೇವೆ, ಪ್ಲಾಸ್ಟಿಕ್ ಹೂವಿಗೆ ‘ಕೃತಕ’ ಎಂದು ಮೂಗು ಮುರಿಯುತ್ತೇವೆ. ಎರಡೂ ಒಂದೇ ಧಾತುವಿನ ಮಕ್ಕಳು. ಕೈಯಿಂದ ಮಾಡಿದ್ದರ ಮೇಲೆ ಎಲ್ಲ ಭಾಷೆಗಳಿಗೂ ಒಂದು ಸಣ್ಣ ಗುಮಾನಿ ಇದ್ದೇ ಇದೆಯೇನೋ. ಆ ದಿನ ಬೋರ್ಡಿನ ಮೇಲೆ ಎರಡು ವಾಕ್ಯ ಬರೆಸಿದೆ. ಪೊಲೀಸರು ಸಾಕ್ಷಿಯನ್ನು ಫ್ಯಾಬ್ರಿಕೇಟ್ ಮಾಡಿದರು. ನನ್ನ ತಂದೆ ಗೇಟುಗಳನ್ನು ಫ್ಯಾಬ್ರಿಕೇಟ್ ಮಾಡುತ್ತಾರೆ. ಎರಡನೆಯದನ್ನು ಅವನೇ ಬಂದು ಬರೆದ, ದಪ್ಪ ಅಕ್ಷರದಲ್ಲಿ.

ಫಿಕ್ಷನಲ್ ಮತ್ತು ಫಿಕ್ಟಿಷಸ್ ನಡುವಿನ ಗೆರೆ ಇನ್ನೂ ತೆಳು. ಫಿಕ್ಷನಲ್ ಎಂದರೆ ಹೇಳುವವನಿಗೂ ಗೊತ್ತು, ಕೇಳುವವನಿಗೂ ಗೊತ್ತು. ಆರ್.ಕೆ. ನಾರಾಯಣರ ಮಾಲ್ಗುಡಿ ಹಾಗೆ. ಲಾಡ್ಜಿನ ರಿಜಿಸ್ಟರಿನಲ್ಲಿ ಯಾರೋ ಬರೆದ ಸುಳ್ಳು ಹೆಸರು ಫಿಕ್ಟಿಷಸ್. ಅಲ್ಲಿ ಒಬ್ಬನಿಗೆ ಮಾತ್ರ ಗೊತ್ತು. ಹೀಗೆ ಹೇಳಿ ಮುಗಿಸುವಷ್ಟರಲ್ಲಿ ಜಾಣೆಯೊಬ್ಬಳು ಕೇಳಿಯೇ ಕೇಳುತ್ತಾಳೆ: ‘ಮತ್ತೆ ಸಿನಿಮಾ ಶುರುವಿನಲ್ಲಿ ಪಾತ್ರಗಳೆಲ್ಲ ಫಿಕ್ಟಿಷಸ್ ಅಂತ ಯಾಕೆ ಹಾಕ್ತಾರೆ ಸಾರ್?’ ಅದು ಕಥೆಗಾರರ ಮಾತಲ್ಲ, ವಕೀಲರ ಮಾತು. ರಾಸ್ಪುಟಿನ್ ಕುರಿತು ಎಂಜಿಎಂ 1932ರಲ್ಲಿ ತೆಗೆದ ಚಿತ್ರದ ಒಂದು ಪಾತ್ರ ತನ್ನನ್ನೇ ಹೋಲುತ್ತದೆ, ತನ್ನ ಮಾನ ಕಳೆಯುತ್ತದೆ ಎಂದು ರಷ್ಯಾದ ರಾಜಕುಮಾರಿ ಇರೀನಾ ಯೂಸುಪೊವ್ ಲಂಡನ್ನಿನಲ್ಲಿ ದಾವೆ ಹೂಡಿ 1934ರಲ್ಲಿ ಗೆದ್ದಳು. ಆಮೇಲೆ ಆ ಒಕ್ಕಣೆ ಸಿನಿಮಾಗಳಿಗೆ ತಾಯಿತದಂತೆ ಅಂಟಿಕೊಂಡಿತು. ಕನ್ನಡದ ‘ಕೇವಲ ಕಾಲ್ಪನಿಕ’ವೂ ಆ ತಾಯಿತದ ವಂಶದ್ದೇ.

ಮಾಲ್ಗುಡಿಯನ್ನೇ ಉದಾಹರಣೆಗೆ ತೆಗೆದುಕೊಂಡರೆ ನಮ್ಮ ಜಿಲ್ಲೆಯಲ್ಲಿ ಪಾಠ ಕೆಡುತ್ತದೆ. 1935ರ ‘ಸ್ವಾಮಿ ಅಂಡ್ ಫ್ರೆಂಡ್ಸ್’ನಲ್ಲಿ ಹುಟ್ಟಿದ ಊರದು, ಯಾವ ನಕ್ಷೆಯಲ್ಲೂ ಇರಲಿಲ್ಲ. ಶಂಕರ್‌ನಾಗ್ ಅದನ್ನು ತಂದು ಆಗುಂಬೆಯ ಬೀದಿಯಲ್ಲಿ, ಅರಸಾಳು ರೈಲು ನಿಲ್ದಾಣದಲ್ಲಿ ಇಳಿಸಿದರು. ದೂರದರ್ಶನದ ಮೂಲಕ ದೇಶವೆಲ್ಲ ನೋಡಿತು. 2020ರಲ್ಲಿ ಅರಸಾಳಿನ ಹಳೆಯ ನಿಲ್ದಾಣದ ಕಟ್ಟಡ ಮಾಲ್ಗುಡಿ ಮ್ಯೂಸಿಯಂ ಆಯಿತು. ಒಮ್ಮೆ ಅಲ್ಲಿ ನಿಂತಿದ್ದಾಗ ಪುಟ್ಟ ಹುಡುಗಿಯೊಬ್ಬಳು ‘ಅಪ್ಪಾ, ಇದು ನಿಜವಾದ ಮಾಲ್ಗುಡಿನಾ?’ ಎಂದಳು. ಅಪ್ಪ ಒಂದು ಕ್ಷಣ ಯೋಚಿಸಿ ‘ಹೂಂ, ಇದೇ’ ಎಂದ. ಅವನು ಹೇಳಿದ್ದು ಸುಳ್ಳಲ್ಲ. ಅದಕ್ಕೆ ಯಾವ ಪದ ಎಂದು ನನ್ನ ಪಟ್ಟಿಯಲ್ಲಿ ಹುಡುಕಿದೆ, ಸಿಗಲಿಲ್ಲ.

ಅದೇ ಹಳಿಯ ಮೇಲೆ ಬೀರೂರಿನ ಕಡೆಗೆ ವಾಪಸು ಬಂದರೆ, ಶಿವಮೊಗ್ಗ ದಾಟಿದ ಮೇಲೆ ಭದ್ರಾವತಿ. ನಾನು ಹುಟ್ಟಿದ್ದು ಅಲ್ಲಿನ ಪೇಪರ್‌ಟೌನಿನಲ್ಲಿ, ಅಪ್ಪ ಇದ್ದದ್ದು ಕಾಗದದ ಕಾರ್ಖಾನೆಯಲ್ಲಿ. ಸುಳ್ಳಿಗೆ ನಮ್ಮ ಜನ ಇಂಗ್ಲಿಷಿನಿಂದ ತಂದು ತಮ್ಮದೇ ಅರ್ಥ ಕೊಟ್ಟ ಎರಡು ಪದಗಳಿವೆ: ರೀಲು ಬಿಡುವುದು, ಬಂಡಲ್ ಬಿಡುವುದು. ಇಂಗ್ಲಿಷಿನವನಿಗೆ ಹೇಳಿದರೆ ತಲೆಬುಡ ಅರ್ಥವಾಗುವುದಿಲ್ಲ. ನಮ್ಮ ಮನೆಯಲ್ಲಾದರೋ ಆ ಎರಡೂ ಅನ್ನ ಹಾಕುವ ಮಾತುಗಳು. ರೀಲು ಎಂದರೆ ಯಂತ್ರದಿಂದ ಸುತ್ತಿಕೊಂಡು ಬರುವ, ಆಳೆತ್ತರದ ಬಿಳಿ ಉರುಳೆ. ಬಂಡಲ್ ಎಂದರೆ ಹಾಳೆ ಎಣಿಸಿ, ಸುತ್ತಿ, ಚೀಟಿ ಹಚ್ಚಿ ಲಾರಿಗೇರಿಸುವ ಕಟ್ಟು. ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪ ‘ಇವತ್ತು ಸಿಕ್ಕಾಪಟ್ಟೆ ರೀಲು ಬಿಟ್ವಿ’ ಎಂದರೆ ಶಿವಮೊಗ್ಗದ ಸೋದರಮಾವ ಬಿದ್ದು ಬಿದ್ದು ನಗುತ್ತಿದ್ದ.

ಆ ಯಂತ್ರಗಳು ಕಳೆದ ದಶಕದಲ್ಲಿ ನಿಂತವು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವನ್ನು ಸೈಲ್ 2023ರ ಜನವರಿಯಲ್ಲಿ ಪ್ರಕಟಿಸಿತು. ಕಾರ್ಮಿಕರು ಬೀದಿಗಿಳಿದರು, ಅದೇ ವರ್ಷ ಒಂದಿಷ್ಟು ಕೆಲಸ ಮತ್ತೆ ಶುರುವಾಯಿತು. ಇಲ್ಲದ ಊರಿಗೆ ನಿಲ್ದಾಣ ಸಿಕ್ಕಿದ ಜಿಲ್ಲೆಯಲ್ಲಿ ಇರುವ ಊರಿನ ಜನ ‘ಫ್ಯಾಕ್ಟರಿ ಇದೆಯೋ ಇಲ್ಲವೋ’ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುವ ಹಾಗಾಯಿತು.

ಈಚೆಗೆ ಊರಿಗೆ ಹೋದಾಗ ಅಪ್ಪನ ಹಳೆಯ ಸಹೋದ್ಯೋಗಿಯೊಬ್ಬರು ಟೀ ಅಂಗಡಿಯಲ್ಲಿ ಸಿಕ್ಕರು. ನಿವೃತ್ತಿಯವರೆಗೂ ಹಾಳೆ ಕತ್ತರಿಸಿ ಕಟ್ಟುವ ವಿಭಾಗದಲ್ಲಿದ್ದವರು. ಪಕ್ಕದ ಬೆಂಚಿನಲ್ಲಿ ಯಾರೋ ಪೇಪರ್ ಓದುತ್ತಾ ‘ಪೇಪರ್ ಮಿಲ್ಲು ಮತ್ತೆ ಶುರುವಾಗುತ್ತಂತೆ’ ಎಂದರು. ಇವರು ಲೋಟ ಕೆಳಗಿಟ್ಟು ‘ಬಂಡಲ್’ ಎಂದರು. ಆಮೇಲೆ ತಮ್ಮ ಮಾತು ತಮಗೇ ತಾಕಿದಂತೆ ನನ್ನ ಕಡೆ ತಿರುಗಿ, ‘ನಾವು ಕಟ್ತಿದ್ದ ಬಂಡಲ್ ಅಲ್ಲಪ್ಪ’ ಎಂದು, ಇನ್ನೊಂದು ಟೀ ಹೇಳಿದರು.