ಪಾಸಾದ ಟೆಸ್ಟನ್ನು ನಂಬಬಹುದೇ?

ಸಂತೆ, ಎಪಿಎಂಸಿ ದರ, ಮಳೆ ಲೆಕ್ಕ. ಜಿಲ್ಲೆಯಿಂದ ಸುದ್ದಿ ಕಳಿಸುವ ನಮ್ಮಂಥ ಸ್ಟ್ರಿಂಗರ್‌ಗಳಿಗೆ ಅಂಕಿಗಳಿಲ್ಲದ ದಿನವಿಲ್ಲ. ಈಚೆಗೆ ಈ ಲೆಕ್ಕಗಳಿಗೆ ನಾವು ಪೈಥಾನ್ ಕಲಿಯುತ್ತಿದ್ದೇವೆ. ಅದರ ‘ಸ್ಟ್ಯಾಟಿಸ್ಟಿಕ್ಸ್’ ಮಾಡ್ಯೂಲ್ 2014ರಲ್ಲಿ, 3.4ನೇ ಆವೃತ್ತಿಯ ಜೊತೆ ಬಂದದ್ದು. ಸರಾಸರಿ, ಮಧ್ಯಾಂಕ, ಬಹುಲಕ, ಹೀಗೆ ಹೈಸ್ಕೂಲಿನಲ್ಲಿ ಓದಿದ್ದೆಲ್ಲ ಅದರಲ್ಲಿದೆ.

ಗೊತ್ತಿರುವ ಅಂಕಿ ಕೊಟ್ಟು, ಗೊತ್ತಿರುವ ಉತ್ತರವೇ ಬರುತ್ತದೆಯೇ ಎಂದು ನೋಡುವ ಸಣ್ಣ ಕೋಡೇ ಯೂನಿಟ್ ಟೆಸ್ಟ್. ಮಧ್ಯಾಂಕದ ಫಂಕ್ಷನ್‌ಗೆ ಯಾರಿಗಾದರೂ ಮೊದಲು ಹೊಳೆಯುವ ಟೆಸ್ಟ್ ಇದು: 1, 2, 3, 4, 5 ಕೊಡಿ, 3 ಬರಬೇಕು. ಬರುತ್ತದೆ. ಆದರೆ ಈ ಅಂಕಿಗಳ ಸರಾಸರಿಯೂ 3. ಮಧ್ಯಾಂಕದ ಜಾಗದಲ್ಲಿ ಸರಾಸರಿಯ ಕೋಡ್ ಇಟ್ಟರೂ ಟೆಸ್ಟ್ ಪಾಸ್. ಅಂಕಿಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸದೆ, ನಡುವೆ ಕೂತದ್ದನ್ನು ಎತ್ತಿಕೊಟ್ಟರೂ ಪಾಸ್. ಒಂದೇ ಕಡೆಯವರನ್ನು ಮಾತಾಡಿಸಿ ವರದಿ ಬರೆದ ಹಾಗೆ.

ಹಾಗಾಗಿ ನಾವು ಟೆಸ್ಟಿಗೆ ಮಾರುಕಟ್ಟೆಯಂಥ ಅಂಕಿ ಕೊಟ್ಟೆವು. ಐವರು ರೈತರ ಈರುಳ್ಳಿ, ಕ್ವಿಂಟಲ್‌ಗೆ 5200, 900, 1100, 800, 1000 ರೂಪಾಯಿ ಎಂದಿಟ್ಟುಕೊಳ್ಳಿ. ಸರಾಸರಿ 1800. ಜೋಡಿಸದೆ ನಡುವಿನದನ್ನು ಎತ್ತಿದರೆ 1100. ನಿಜವಾದ ಮಧ್ಯಾಂಕ 1000. ಮೂರು ದಾರಿಗೆ ಮೂರು ಉತ್ತರ. ಈ ಎರಡು ತಪ್ಪುಗಳಿಗೆ ಇನ್ನು ಅಡಗಲು ಜಾಗವಿಲ್ಲ.

ಇನ್ನೂ ಮೂರು ಪರೀಕ್ಷೆ ಸೇರಿಸಿದೆವು. 1100 ತೆಗೆದರೆ ನಾಲ್ಕು ಅಂಕಿ ಉಳಿಯುತ್ತವೆ; ಆಗ ನಡುವಿನ 900 ಮತ್ತು 1000ರ ಸರಾಸರಿ 950 ಬರಬೇಕು. ಖಾಲಿ ಪಟ್ಟಿ ಕೊಟ್ಟರೆ ಸೊನ್ನೆಯಲ್ಲ, ಎರರ್ ಬರಬೇಕು. ಮಾಲೇ ಬಾರದ ದಿನ ದರ ಸೊನ್ನೆ ಎಂದು ಬರೆಯಲಾದೀತೇ? ಕೊನೆಯದಾಗಿ, ಲೆಕ್ಕ ಮುಗಿದ ಮೇಲೂ ನಾವು ಕೊಟ್ಟ ಪಟ್ಟಿಯ ಕ್ರಮ ಹಾಗೇ ಇರಬೇಕು. ಕದಲಿದರೆ ಒಬ್ಬ ರೈತನ ದರ ಇನ್ನೊಬ್ಬನ ಹೆಸರಿನ ಮುಂದೆ ಕೂರುತ್ತದೆ. ಪೈಥಾನಿನ ಮಧ್ಯಾಂಕ ಇವೆಲ್ಲದರಲ್ಲೂ ಪಾಸಾಗುತ್ತದೆ. ಈಗ ಆ ಪಾಸಿಗೆ ಬೆಲೆಯಿದೆ.

ಟೆಸ್ಟ್ ಬರೆಯುವಾಗ ಕೇಳಿಕೊಳ್ಳಬೇಕಾದದ್ದು ಇಷ್ಟೇ: ಫಂಕ್ಷನ್ ತಪ್ಪಿದ್ದರೆ ಇದು ಫೇಲ್ ಆಗುತ್ತದೆಯೇ?

ಕೋಡ್ ಬರೆಯುವವರ ತಲೆನೋವು ನಮಗೇಕೆ ಎನ್ನಬೇಡಿ. ‘ಈರುಳ್ಳಿಗೆ ಸರಾಸರಿ 1800 ರೂ.’ ಎಂದು ಹೆಡ್ಡಿಂಗ್ ಬಂದರೆ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಐವರಲ್ಲಿ ನಾಲ್ವರಿಗೆ 1100ಕ್ಕಿಂತ ಹೆಚ್ಚು ಸಿಕ್ಕಿಲ್ಲ ಎಂಬುದು ಅದರಲ್ಲಿ ಕಾಣುವುದೇ ಇಲ್ಲ. ಆ ನಾಲ್ವರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ‘ಯಾರಿಗೆ ಸಿಕ್ತು ಸ್ವಾಮಿ ಆ 1800?’ ಎಂದು ಕೇಳುವುದು ನಮ್ಮನ್ನು, ಪೈಥಾನನ್ನಲ್ಲ.