ಬಾನ್ಸ್ಕೊ ಊರಿನಲ್ಲಿ ಅಜ್ಜಿಯ ಕಾಗದ

ನಮ್ಮಂಥ ಗುಮಾಸ್ತರಿಗೆ ದೂರದ ಪ್ರಯಾಣವೆಂದರೆ ವರ್ಷಕ್ಕೊಮ್ಮೆ ರಜೆ ಹಾಕಿ ತೀರ್ಥಹಳ್ಳಿಗೆ ಹೋಗಿ ತಾಯಿಯನ್ನು ನೋಡಿಕೊಂಡು ಬರುವುದು. ಅಂಥ ನಾವು 2023ರ ಜುಲೈ ತಿಂಗಳಲ್ಲಿ ಬಲ್ಗೇರಿಯ ದೇಶಕ್ಕೆ ಹೋಗಿಬಂದೆವೆಂದರೆ ಸಂಘದ ಗೆಳೆಯರೇ ಮೊದಲು ನಂಬಲಿಲ್ಲ. ಇದಕ್ಕೆ ಕಾರಣ ನಮ್ಮ ಯೋಗ್ಯತೆಯಲ್ಲ. ನಮ್ಮ ಅಕ್ಕನ ಮಗನದು.

ಹುಡುಗ ಹೈದರಾಬಾದಿನಲ್ಲಿಯೇ ಹುಟ್ಟಿ ಬೆಳೆದವನು. ಆ ವರ್ಷದ ಅಂತರರಾಷ್ಟ್ರೀಯ ಭಾಷಾವಿಜ್ಞಾನ ಒಲಿಂಪಿಯಾಡಿಗೆ ಹೊರಟ ನಮ್ಮ ದೇಶದ ವಿದ್ಯಾರ್ಥಿಗಳಲ್ಲಿ ಅವನೂ ಒಬ್ಬನಾಗಿದ್ದ. ಸ್ವಂತ ಖರ್ಚಿನಲ್ಲಿ ವೀಕ್ಷಕರಾಗಿ ಜೊತೆಗೆ ಹೋಗಲು ಅವಕಾಶವಿತ್ತು. ಭಾವನವರಿಗೆ ರಜೆ ಸಿಗಲಿಲ್ಲ. ಅಕ್ಕನಿಗೆ ಪಾಸ್‌ಪೋರ್ಟ್ ಇರಲಿಲ್ಲ. "ನೀನೇ ಹೋಗಿ ಬಾರೋ" ಎಂದಳು ಅಕ್ಕ. ನಾವು ಕಚೇರಿಯ ಅನುಮತಿಗೆ ಅರ್ಜಿ ಹಾಕಿ, ಭವಿಷ್ಯನಿಧಿಯಿಂದ ಸ್ವಲ್ಪ ಹಣ ತೆಗೆದು, ಒಂದು ಹಳೆಯ ಕೋಟನ್ನು ಇಸ್ತ್ರಿ ಮಾಡಿಸಿ ಸಿದ್ಧರಾದೆವು. ಹೊರಡುವ ದಿನ ಅಕ್ಕ ನಮ್ಮ ಕೈಯಲ್ಲಿ ಒಂದು ಕಾಗದವಿಟ್ಟಳು. ತೀರ್ಥಹಳ್ಳಿಯಿಂದ ನಮ್ಮ ತಾಯಿ ಮೊಮ್ಮಗನಿಗೆ ಬರೆದದ್ದು. ಅಕ್ಕ ಅದನ್ನು ಅವನಿಗೆ ಎರಡು ಸಲ ಓದಿ ಹೇಳಿದ್ದಳು. "ಇದು ನಿನ್ನ ಚೀಲದಲ್ಲಿರಲಿ, ಪ್ರಸಾದ ಇದ್ದ ಹಾಗೆ" ಎಂದಳು. ಅವಳೇಕೆ ಓದಿ ಹೇಳಬೇಕಾಯಿತು? ಹುಡುಗ ಕನ್ನಡ ಚೆನ್ನಾಗಿ ಮಾತನಾಡುತ್ತಾನೆ, ಓದಲು ಬಾರದು.

ಈ ಸ್ಪರ್ಧೆಯೆಂದರೆ ಹತ್ತಾರು ಭಾಷೆ ಬಲ್ಲವರ ಪರೀಕ್ಷೆಯೆಂದು ನಾವು ತಿಳಿದಿದ್ದೆವು. ಹಾಗಲ್ಲ. ಎಂದೂ ಕೇಳರಿಯದ ಒಂದು ಭಾಷೆಯ ಕೆಲವು ಮಾತುಗಳನ್ನೂ ಅವುಗಳ ಅರ್ಥವನ್ನೂ ಕೊಡುತ್ತಾರೆ. ಅಷ್ಟರಿಂದಲೇ ಅದರ ನಿಯಮ ಕಂಡುಹಿಡಿಯಬೇಕು. ಕನ್ನಡದಿಂದಲೇ ಒಂದು ಉದಾಹರಣೆ ತೆಗೆದುಕೊಳ್ಳಿ. ಮನೆ–ಮನೆಗೆ, ಹೊಳೆ–ಹೊಳೆಗೆ, ಮರ–ಮರಕ್ಕೆ, ಕೆಲಸ–ಕೆಲಸಕ್ಕೆ. ಹಾಗಾದರೆ ‘ಕೊಡೆ’, ‘ಹೊಲ’ ಏನಾಗಬೇಕು? ಕನ್ನಡದ ಗಂಧವಿಲ್ಲದ ಜಪಾನಿನ ಹುಡುಗಿಯೂ ಪದದ ಕೊನೆಯ ಸ್ವರ ನೋಡಿ ಉತ್ತರ ಹೇಳಬಲ್ಲಳು. ಆಮೇಲೆ ‘ಅಣ್ಣನಿಗೆ’ ಎಂದು ಬಂದರೆ, ಮನುಷ್ಯರಿಗೆ ಬೇರೆ ನಿಯಮವೆಂದು ಅವಳಿಗೆ ಹೊಳೆಯಬೇಕು. ಹುಟ್ಟಿದಾಗಿನಿಂದ ಕನ್ನಡವಾಡುವ ನಮಗೆ ಈ ನಿಯಮ ಇದೆಯೆಂಬುದೇ ತಿಳಿದಿರಲಿಲ್ಲ! ಒಬ್ಬೊಬ್ಬರೇ ಬರೆಯುವ ಪರೀಕ್ಷೆಗೆ ಇಂಥ ಐದು ಪ್ರಶ್ನೆ, ಆರು ಗಂಟೆ ಕಾಲ. ಮತ್ತೊಂದು ದಿನ ನಾಲ್ವರು ಕೂಡಿ ಒಂದೇ ದೊಡ್ಡ ಪ್ರಶ್ನೆ ಬಿಡಿಸಬೇಕು. 2003ರಲ್ಲಿ ಬಲ್ಗೇರಿಯದ ಬೊರೊವೆತ್ಸ್ ಎಂಬಲ್ಲಿ ಈ ಸ್ಪರ್ಧೆ ಆರಂಭವಾಯಿತು. 2016ರಲ್ಲಿ ನಮ್ಮ ಮೈಸೂರಿನಲ್ಲಿಯೇ ನಡೆದಿತ್ತಂತೆ. ಆಗ ನಮ್ಮ ಕಿವಿಗೆ ಬಿದ್ದಿರಲಿಲ್ಲ.

ದೋಹಾದಲ್ಲಿ ವಿಮಾನ ಬದಲಿಸಿ ರಾಜಧಾನಿ ಸೋಫಿಯಾದಲ್ಲಿ ಇಳಿದೆವು. ಅಲ್ಲಿಂದ ಬಾನ್ಸ್ಕೊ ಊರಿಗೆ ಸುಮಾರು ನೂರೈವತ್ತು ಕಿಲೋಮೀಟರ್ ಬಸ್ ಪ್ರಯಾಣ. ದಾರಿಯುದ್ದಕ್ಕೂ ಹುಡುಗ ಕಿಟಕಿಗೆ ಮುಖವೊತ್ತಿ ಕುಳಿತಿದ್ದ. ಬೆಟ್ಟಗಳನ್ನಲ್ಲ, ಬೋರ್ಡುಗಳನ್ನು ನೋಡುತ್ತ. ಅಲ್ಲಿಯದು ಸಿರಿಲಿಕ್ ಲಿಪಿ. ಇಂಗ್ಲಿಷಿನ ‘ಪಿ’ಯಂತೆ ಕಾಣುವುದು ‘ರ’, ‘ಎಚ್’ನಂತಿರುವುದು ‘ನ’, ‘ಬಿ’ಯಂತಿರುವುದು ‘ವ’. ನಮ್ಮ ತಲೆ ತಿರುಗಿತು. ಅವನೋ ಊರು ತಲಪುವ ಮೊದಲೇ ಹೋಟೆಲು, ಔಷಧದ ಅಂಗಡಿ ಎಲ್ಲವನ್ನೂ ಓದಿ ಹೇಳತೊಡಗಿದ!

ಬಾನ್ಸ್ಕೊ ಪಿರಿನ್ ಪರ್ವತದ ಬುಡದಲ್ಲಿರುವ ಊರು. ಮೇಲೆ 2914 ಮೀಟರ್ ಎತ್ತರದ ವಿಖ್ರೆನ್ ಶಿಖರ; ಕೆಳಗೆ ಕಲ್ಲಿನ ಹಳೆಯ ಮನೆಗಳು, ಕಲ್ಲು ಹಾಸಿದ ಓಣಿಗಳು, 1835ರಲ್ಲಿ ಕಟ್ಟಿದ ದೊಡ್ಡ ಇಗರ್ಜಿ. ಬೆಟ್ಟದ ಮೇಲೆ ಬೈಕುಶೆವ್ ಪೈನ್ ಎಂಬ ಮರವಿದೆ. ವಯಸ್ಸು ಸುಮಾರು 1300 ವರ್ಷವೆನ್ನುತ್ತಾರೆ. ಅದು ಮೊಳೆತಾಗ ಬಾದಾಮಿಯಲ್ಲಿ ಚಾಲುಕ್ಯರು ಆಳುತ್ತಿದ್ದರು.

ಮಕ್ಕಳು ಪರೀಕ್ಷೆಗೆ ಕುಳಿತ ಆರು ಗಂಟೆ ನಾವು ಊರು ಸುತ್ತಿದೆವು. ಅನ್ನವಿಲ್ಲದೆ ಎರಡು ದಿನವಾಗಿತ್ತು; ಮೊಸರಾದರೂ ಸಿಕ್ಕೀತೇ ಎಂದು ಒಂದು ಅಂಗಡಿಗೆ ಹೋಗಿ ಸನ್ನೆಮಾಡಿ ಕೇಳಿದೆವು. ಅಂಗಡಿಯಾಕೆ ತಲೆಯನ್ನು ಅತ್ತಿತ್ತ ಆಡಿಸಿದರು. ಇಲ್ಲವೆಂದುಕೊಂಡು ಹೊರಬಿದ್ದೆವು. ಆಕೆ ಮೊಸರಿನ ಡಬ್ಬಿ ಹಿಡಿದುಕೊಂಡು ಬೀದಿಗೇ ಬಂದು ಕೂಗಿದರು! ಆ ದೇಶದಲ್ಲಿ ಅತ್ತಿತ್ತ ಆಡಿಸಿದರೆ ‘ಹೌದು’, ಮೇಲೆ ಕೆಳಗೆ ಆಡಿಸಿದರೆ ‘ಇಲ್ಲ’. ಎರಡೂ ಅಲ್ಲದ ನಮ್ಮ ಕಡೆಯ ತಲೆಯಾಟ ಕಂಡು ಆಕೆಗೆ ಏನೆನ್ನಿಸಿತೋ! ಮೊಸರಂತೂ ಅಮೃತ. ಬಲ್ಗೇರಿಯದವರಾದ ಸ್ತಾಮೆನ್ ಗ್ರಿಗೊರೋವ್ ಎಂಬ ವೈದ್ಯರು 1905ರಲ್ಲಿ ಹಾಲನ್ನು ಮೊಸರು ಮಾಡುವ ಒಂದು ಸೂಕ್ಷ್ಮಜೀವಿಯನ್ನು ಕಂಡುಹಿಡಿದರು. ಅದಕ್ಕೆ ಆ ದೇಶದ ಹೆಸರೇ ನಿಂತಿದೆ. ತೆಳ್ಳಗೆ ಮಾಡಿದ ಮೊಸರಿಗೆ ಸೌತೆಕಾಯಿ, ಬೆಳ್ಳುಳ್ಳಿ, ಸಬ್ಬಸಿಗೆ, ಅಕ್ರೋಟು ಹಾಕಿ ‘ತರಾತೊರ್’ ಎಂದು ಕುಡಿಯುತ್ತಾರೆ. ಒಗ್ಗರಣೆಯೊಂದು ಬಿದ್ದಿದ್ದರೆ ನಮ್ಮ ಮನೆಯದೇ.

ಸಂಜೆ ಮಕ್ಕಳೆಲ್ಲ ಹುಲ್ಲಿನ ಮೇಲೆ ಕುಳಿತು ಒಬ್ಬರ ಪುಸ್ತಕದಲ್ಲಿ ಒಬ್ಬರು ತಮ್ಮ ತಮ್ಮ ಲಿಪಿಯಲ್ಲಿ ಹೆಸರು ಬರೆದುಕೊಡುತ್ತಿದ್ದರು. ನಮ್ಮ ಹುಡುಗ ಸಿರಿಲಿಕ್‌ನಲ್ಲಿ ಬರೆದ, ಹಿಂದಿಯಲ್ಲಿ ಬರೆದ. ತಂಡದ ಮೇಲ್ವಿಚಾರಣೆಗಿದ್ದ ಬಲ್ಗೇರಿಯದ ಹುಡುಗಿ, "ನಿಮ್ಮ ಮನೆಯ ಭಾಷೆಯಲ್ಲಿ?" ಎಂದು ಕೇಳಿದಳು. ಅವನು ಪೆನ್ನಿನ ಮುಚ್ಚಳ ಹಾಕಿದ. "ಬರೆಯಲು ಬಾರದು" ಎಂದ. ಆಕೆ ಹಾಸ್ಯ ಮಾಡಲಿಲ್ಲ. ಪಾಯಿಸಿ ಎಂಬ ಸಂನ್ಯಾಸಿಯ ವಿಷಯ ಹೇಳಿದಳು. ಅವನು ತಮ್ಮವನೆಂದು ಬಾನ್ಸ್ಕೊದ ಜನ ಹೇಳಿಕೊಳ್ಳುತ್ತಾರೆ. ತುರ್ಕರ ಆಳ್ವಿಕೆಯ ಕಾಲ. ಓದಿದವರೂ ವ್ಯಾಪಾರಿಗಳೂ ಗ್ರೀಕ್ ಭಾಷೆಯನ್ನೇ ದೊಡ್ಡದೆಂದು ಬಗೆದು ತಮ್ಮ ಮಾತಿಗೆ ನಾಚುತ್ತಿದ್ದರು. ಅಂಥವರನ್ನು ಗದರಿಸಿ ಅವನು 1762ರಲ್ಲಿ ತನ್ನ ಜನರ ಚರಿತ್ರೆ ಬರೆದ. ಇಂದು ಪ್ರತಿವರ್ಷ ಮೇ 24ರಂದು ಆ ದೇಶದವರು ಅಕ್ಷರಕ್ಕಾಗಿಯೇ ಹಬ್ಬ ಮಾಡುತ್ತಾರೆ.

ಅವಳು ಹೇಳಿದ್ದು ಹುಡುಗನಿಗೆ, ತಾಗಿದ್ದು ನಮಗೆ. ಹೈದರಾಬಾದಿನಲ್ಲಿ ಎರಡನೆಯ ತರಗತಿ ಓದುವ ನಮ್ಮ ಮಗಳಿಗೂ ಕನ್ನಡದ ಒಂದು ಅಕ್ಷರ ಬರುವುದಿಲ್ಲ. ‘ಬರುವ ರಜೆಯಲ್ಲಿ ಕಲಿಸೋಣ’ ಎಂದು ಎರಡು ವರ್ಷದಿಂದ ಹೇಳುತ್ತಲೇ ಬಂದಿದ್ದೆವು.

ರಾತ್ರಿ ಹುಡುಗ ನಮ್ಮ ಕೋಣೆಗೆ ಬಂದ. "ಮಾಮ, ಅಜ್ಜಿ ಕಾಗದ ಕೊಡು. ಓದಿ ಹೇಳಬೇಡ. ಏನು ಬರೆದಿದ್ದಾಳೆ ಅಂತ ನನಗೆ ಬಾಯಿಪಾಠ ಇದೆ, ಅದರಿಂದಲೇ ಅಕ್ಷರ ಹಿಡೀತೀನಿ" ಎಂದ. ಪರೀಕ್ಷೆಯ ಪ್ರಶ್ನೆಯಂತೆಯೇ ಪಟ್ಟಿ ಹಾಕಿದ. ಇಳಿ, ಗುಡಿಸು, ಕೊಂಬುಗಳನ್ನು ಹೆಸರು ತಿಳಿಯದೆಯೇ ಬಿಡಿಸಿದ. ‘ಅಜ್ಜಿ’ ಎಂಬಲ್ಲಿ ಜಿಗೆ ಕೆಳಗೊಂದು ಜ ನೇತುಬಿದ್ದುದನ್ನು ನೋಡಿ ನಕ್ಕ. ‘ಆಶೀರ್ವಾದ’ದಲ್ಲಿ ಸಿಕ್ಕಿಬಿದ್ದ. ‘ರ’ ಎಲ್ಲಿ ಹೋಯಿತು? ವಾ ಆದಮೇಲೆ ಇದೇನು ಕೊಕ್ಕೆ? ನಾವು ಬಾಯಿ ಬಿಗಿಹಿಡಿದು ಕುಳಿತೆವು. ಮರಳುವಾಗ ವಿಮಾನದಲ್ಲಿ ಅವನು ತಟ್ಟನೆ ಕಾಗದದ ತಲೆಬರಹ ತೋರಿಸಿದ. "ತೀರ್ಥಹಳ್ಳಿಯಲ್ಲೂ ಅದೇ ಇದೆ! ಮೊದಲು ಹೇಳೋದು, ಆಮೇಲೆ ಬರೆಯೋದು!" ಅರ್ಕಾವೊತ್ತನ್ನು ನಮಗೆ ಮೇಷ್ಟರು ಬೆತ್ತ ಹಿಡಿದು ಕಲಿಸಿದ್ದರು.

ಪದಕದ ವಿಷಯ ಕೇಳುವವರಿಗೆ: ನಮ್ಮ ಹುಡುಗನಿಗೆ ಬರಲಿಲ್ಲ. ಒಂದು ದಿನ ಮುಖ ಸಣ್ಣದು ಮಾಡಿಕೊಂಡಿದ್ದ. ಊರಿಗೆ ಬಂದ ವಾರವೇ ಅಜ್ಜಿಗೆ ನಾಲ್ಕು ಸಾಲಿನ ಕಾಗದ ಬರೆದ. ಅದರಲ್ಲಿ ಐದು ತಪ್ಪು. ಅಕ್ಕ ತಿದ್ದಹೊರಟಳು, ನಾವು ಬಿಡಲಿಲ್ಲ. ಹಾಗೆಯೇ ಅಂಚೆಗೆ ಹಾಕಿದೆವು. ತಾಯಿ ಅದನ್ನು ಬೀದಿಯವರಿಗೆಲ್ಲ ಓದಿ ತೋರಿಸಿದರೆಂದು ಆಮೇಲೆ ತಿಳಿಯಿತು.

ಅದೇ ಭಾನುವಾರ ಮಗಳನ್ನು ಕೂರಿಸಿಕೊಂಡು ಸ್ಲೇಟಿನ ಮೇಲೆ ‘ಅ’ ಬರೆದೆವು. ಎಷ್ಟೋ ವರ್ಷ ಕಚೇರಿಯ ಟಿಪ್ಪಣಿಗಳನ್ನೇ ಬರೆದ ಕೈ. ಅಕ್ಷರ ಸ್ವಲ್ಪ ಸೊಟ್ಟಗಾಯಿತು. ಅವಳು ಅದನ್ನು ಹಾಗೆಯೇ ತಿದ್ದಿದಳು.