ಗಡಿಯ ಮಣ್ಣು, ಗರಡಿಯ ಮಣ್ಣು

ಸವಳಂಗದ ಕೆರೆಯ ಏರಿಯ ಮೇಲೆ ನಿಂತವನಿಗೆ ನೀರು ಕಾಣುತ್ತದೆ, ಗದ್ದೆ ತೋಟಗಳು ಕಾಣುತ್ತವೆ. ಗಡಿ ಮಾತ್ರ ಕಾಣುವುದಿಲ್ಲ. ಆದರೂ ಈ ಊರು 1997ರವರೆಗೆ ಶಿವಮೊಗ್ಗ ಜಿಲ್ಲೆಯದಾಗಿದ್ದು, ಅನಂತರ ದಾವಣಗೆರೆ ಜಿಲ್ಲೆಗೆ ಸೇರಿತು. ಬಹುಕಾಲ ಹೊನ್ನಾಳಿ ತಾಲೂಕಿನಲ್ಲಿದ್ದು, ಈಚಿನ ವರ್ಷಗಳಲ್ಲಿ ನ್ಯಾಮತಿ ತಾಲೂಕಿನದಾಯಿತು. ಕಾಗದದ ಮೇಲಿನ ಗೆರೆ ಸರಿದಾಗಲೆಲ್ಲ ಕೆರೆಯೇನೂ ಸರಿಯಲಿಲ್ಲ. ಆದರೆ ಮನುಷ್ಯರ ಮನಸ್ಸಿನಲ್ಲಿ ಎಳೆದ ಗೆರೆ ಅಷ್ಟು ನಿರುಪದ್ರವಿಯಲ್ಲ. ಅದನ್ನು ನಾವು ಕಣ್ಣಾರೆ ಕಂಡ ಪ್ರಸಂಗವೊಂದನ್ನು ತಮ್ಮ ಮುಂದಿಡಬೇಕಾಗಿದೆ. ಅದರಲ್ಲಿ ನಮ್ಮ ತಪ್ಪೂ ಉಂಟು.

ಕೆಲವು ವರ್ಷಗಳ ಹಿಂದೆ ಈ ಸೀಮೆಯ ಗ್ರಾಮವೊಂದರ ಜಾತ್ರೆಯಲ್ಲಿ ಬಯಲು ಕುಸ್ತಿ ಏರ್ಪಟ್ಟಿತ್ತು. ಅಧ್ಯಕ್ಷ ಸ್ಥಾನದಲ್ಲಿ ನಮ್ಮನ್ನು ಕೂರಿಸಿದ್ದರು. ಆಗತಾನೆ ಚುನಾವಣೆ ಮುಗಿದು ಊರು ಎರಡು ಪಂಗಡವಾಗಿತ್ತು. ಒಂದು ಪಂಗಡದವರು ಚಹಾ ಕುಡಿಯುವ ಹೋಟೆಲಿಗೆ ಇನ್ನೊಂದು ಪಂಗಡದವರು ಕಾಲಿಡುತ್ತಿರಲಿಲ್ಲ. ಜೋಡಿ ಕಟ್ಟುವ ಹೊತ್ತಿನಲ್ಲಿ ತರುಣ ಪೈಲ್ವಾನನೊಬ್ಬ ಮುಂದೆ ಬಂದ. ಅವನ ತಂದೆ ಎದುರು ಪಕ್ಷಕ್ಕೆ ದುಡಿದವನೆಂಬ ಒಂದೇ ಕಾರಣಕ್ಕೆ ಅವನ ಹೆಸರನ್ನು ಬರೆದುಕೊಳ್ಳಲಿಲ್ಲ. ಆ ಹುಡುಗ ಒಮ್ಮೆ ನಮ್ಮ ಕಡೆ ನೋಡಿದ. ಜಾತ್ರೆ ಕೆಡಬಾರದೆಂದು ನಾವು ಮೌನವಾಗಿದ್ದೆವು. ಅವನು ಬಗ್ಗಿ, ಅಖಾಡದ ಮಣ್ಣನ್ನು ಹಣೆಗೆ ಹಚ್ಚಿಕೊಂಡು ಹೊರಟುಹೋದ. ಹಲಗೆ ಮೊಳಗಿತು, ಕುಸ್ತಿ ನಡೆಯಿತು, ನಮಗೆ ಹಾರವನ್ನೂ ಹಾಕಿದರು.

ಆ ರಾತ್ರಿ ನಮಗೆ ನೆನಪಾದವರು ಶ್ರೀಪತಿ ಖಂಚನಾಳೆಯವರು. ಧಾರವಾಡದಲ್ಲಿ ನಾವು ವ್ಯಾಸಂಗ ಮಾಡುತ್ತಿದ್ದಾಗ ಚಿಕ್ಕೋಡಿ ಕಡೆಯ ಸಹಪಾಠಿಯೊಬ್ಬರು ಅವರ ವಿಷಯವನ್ನು ಅಭಿಮಾನದಿಂದ ಹೇಳುತ್ತಿದ್ದರು. ಖಂಚನಾಳೆಯವರದು ಚಿಕ್ಕೋಡಿ ಸೀಮೆಯ ಯಕ್ಸಂಬಾ. ಅವರು ಹುಟ್ಟಿದಾಗ ಆ ಊರು ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದಿತು. ಅವರ ದೇಹ ಪಳಗಿದ್ದು ಕೊಲ್ಲಾಪುರದ ಗರಡಿಯಲ್ಲಿ. ಶಾಹು ಮಹಾರಾಜರು ಕುಸ್ತಿಗೆ ಆಶ್ರಯವಿತ್ತು, 1912ರಲ್ಲಿ ಖಾಸಬಾಗ್ ಮೈದಾನವನ್ನು ಕಟ್ಟಿಸಿಕೊಟ್ಟ ನಗರವದು. ಬೆಳಗಾವಿ ಯಾರದೆಂಬ ಕಲಹ ಉರಿಯುತ್ತಿದ್ದ ಕಾಲದಲ್ಲೇ, 1959ರಲ್ಲಿ, ಅವರು ಬಂತಾ ಸಿಂಗ್ ಅವರನ್ನು ಸೋಲಿಸಿ ಪ್ರಥಮ ಹಿಂದ್ ಕೇಸರಿ ಎನಿಸಿದರು. 1966ರಲ್ಲಿ ಮಹಾಜನ ಆಯೋಗ ನೇಮಕವಾಯಿತು. 1967ರಲ್ಲಿ ವರದಿ ಬಂದಿತು. 2004ರಲ್ಲಿ ವಿವಾದ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಈ ನಡುವೆ ಎಷ್ಟೋ ಬಸ್ಸುಗಳ ಗಾಜು ಒಡೆದವು, ಎಷ್ಟೋ ಫಲಕಗಳಿಗೆ ಮಸಿ ಬಳಿಯಲಾಯಿತು. ಕನ್ನಡ ನಾಡಿನಲ್ಲಿ ಹುಟ್ಟಿ, ಮರಾಠಿ ನಾಡಿನಲ್ಲಿ ಬೆಳೆದ ಆ ಮಲ್ಲರು ಮಾತ್ರ ಎರಡೂ ಕಡೆಯವರಿಗೆ ನಮ್ಮವರಾಗಿಯೇ ಉಳಿದು, 2020ರ ಡಿಸೆಂಬರಿನಲ್ಲಿ ಕೊಲ್ಲಾಪುರದಲ್ಲಿ ದೇಹ ಬಿಟ್ಟರು.

ದೂರದ ಐರ್ಲೆಂಡಿನಲ್ಲಿಯೂ ಇಂತಹ ಒಬ್ಬರಿದ್ದಾರೆ. ಮುಷ್ಟಿಯುದ್ಧದ ವೀರ ಬ್ಯಾರಿ ಮೆಕ್‌ಗಿಗನ್ 1961ರಲ್ಲಿ ಹುಟ್ಟಿದ್ದು ಗಡಿಗೆ ಅಂಟಿಕೊಂಡ ಕ್ಲೋನ್ಸ್ ಎಂಬ ಸಣ್ಣ ಪಟ್ಟಣದಲ್ಲಿ. ಉತ್ತರ ಐರ್ಲೆಂಡಿನಲ್ಲಿ ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟೆಂಟ್ ಪಂಗಡಗಳ ನಡುವೆ ಮೂರು ದಶಕ ನಡೆದ ಹಿಂಸೆಯಲ್ಲಿ ಮೂರೂವರೆ ಸಾವಿರ ಜನ ಮಡಿದರು. ಸ್ವತಃ ಕ್ಯಾಥೊಲಿಕರಾದ ಅವರು ಪ್ರಾಟೆಸ್ಟೆಂಟ್ ಕನ್ಯೆಯ ಕೈಹಿಡಿದರು. ಕಣಕ್ಕೆ ಬರುವಾಗ ಯಾವ ಪಕ್ಷದ ಧ್ವಜವನ್ನೂ ಹಿಡಿಯದೆ, ಶಾಂತಿಯ ಪಾರಿವಾಳದ ಚಿಹ್ನೆಯನ್ನು ತಂದರು. ರಾಷ್ಟ್ರಗೀತೆಯ ಬದಲಿಗೆ ಅವರ ತಂದೆ, ಉಭಯರೂ ಒಪ್ಪುವ ಒಂದು ಹಳೆಯ ಹಾಡನ್ನು ಹಾಡುತ್ತಿದ್ದರು. 1985ರ ಜೂನ್ 8ರಂದು ಲಂಡನ್ನಿನಲ್ಲಿ ಪನಾಮಾದ ಯೂಸೆಬಿಯೊ ಪೆಡ್ರೋಸಾರನ್ನು ಹದಿನೈದು ಸುತ್ತುಗಳಲ್ಲಿ ಸೋಲಿಸಿ ವಿಶ್ವ ಪ್ರಶಸ್ತಿ ಗೆದ್ದಾಗ, ಎರಡೂ ಪಂಗಡದವರು ಒಟ್ಟಿಗೆ ಕುಣಿದರು. ಆ ಗೆಲುವನ್ನು ಅವರು ಅರ್ಪಿಸಿದ್ದು, 1982ರಲ್ಲಿ ತಮ್ಮೊಡನೆ ಸೆಣಸಿ ಪ್ರಾಣ ಕಳೆದುಕೊಂಡ ನೈಜೀರಿಯದ ತರುಣನಿಗೆ. ಗೆದ್ದವನ ಕಣ್ಣಿಗೆ ಬಿದ್ದವನು ಕಾಣುವುದೇ ನಿಜವಾದ ಮಲ್ಲಧರ್ಮವೆಂದು ನಮಗೆ ತೋರುತ್ತದೆ.

ಇವರಿಂದ ಏನಾಯಿತು ಎಂದು ತಾವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಖಂಚನಾಳೆಯವರಿಂದ ಗಡಿ ವಿವಾದ ತೀರಲಿಲ್ಲ. ಮೆಕ್‌ಗಿಗನ್‌ರ ಪ್ರಶಸ್ತಿ ಮರುವರ್ಷವೇ ಕೈಬಿಟ್ಟಿತು. ಅಲ್ಲಿ ಶಾಂತಿಯ ಒಪ್ಪಂದವಾಗಲು 1998 ಬರಬೇಕಾಯಿತು. ಆದರೆ ಒಪ್ಪಂದಕ್ಕೆ ಕೂರುವ ಮೊದಲು, ವೈರಿಗಳಿಬ್ಬರೂ ಒಟ್ಟಿಗೆ ನಿಂತು ಚಪ್ಪಾಳೆ ತಟ್ಟಿದ ನೆನಪೊಂದು ಬೇಕು. ಅಂತಹ ನೆನಪನ್ನು ಬಿಟ್ಟುಹೋಗುವುದೇ ಇವರ ಆಸ್ತಿ. ಗರಡಿಯಲ್ಲಿ ಸೆಣಸುವ ಮುನ್ನ ಕೈಮಿಲಾಯಿಸಲೇಬೇಕು. ಎದುರಾಳಿಯಿಲ್ಲದೆ ಕುಸ್ತಿಯೇ ಇಲ್ಲ. ಎದುರಾಳಿಯನ್ನೇ ಹೊರಗಟ್ಟಿದ ಊರು ಗೆದ್ದದ್ದಾದರೂ ಏನು?

ಎರಡು ವರ್ಷ ತಡವಾಗಿ ನಾವು ಆ ತರುಣನ ಮನೆಗೆ ಹೋದೆವು. ಅವನ ತಂದೆ ಕಂಬಳಿ ಹಾಸಿ, "ತಾವ್ಯಾಕೆ ಬರೋಕೆ ಹೋದ್ರಿ ಬುದ್ಧಿ, ಹೇಳಿಕಳಿಸಿದ್ರೆ ನಾವೇ ಬರ್ತಿದ್ವಿ" ಎಂದರು. ಅಂದು ಮಾತನಾಡದೆ ಕುಳಿತದ್ದು ನಮ್ಮ ತಪ್ಪೆಂದು ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಹುಡುಗ ಮಣ್ಣಿಗಿಳಿಯೋದು ಬಿಟ್ಟುಬಿಟ್ಟ ಬುದ್ಧಿ. ಅಡಿಕೆ ಕೊಯ್ಲಿಗೆ ಹೋಗ್ತಾನೆ" ಎಂದರು. ಕ್ಷಮೆ ದೊರೆಯಿತು, ಕಳೆದುಹೋದ ಕುಸ್ತಿ ದೊರೆಯಲಿಲ್ಲ.

ವಾಚಕ ಬಂಧುಗಳೇ, ತಮ್ಮೂರಿನಲ್ಲಿಯೂ ಜಾತ್ರೆ ಬರುತ್ತದೆ, ಚುನಾವಣೆಯೂ ಬರುತ್ತದೆ. ಮಠದ ಶಾಲೆಗಳಲ್ಲಿ ಓದಿದ ತಮ್ಮಲ್ಲಿ ಹಲವರು ಇಂದು ಸಮಿತಿಗಳಲ್ಲಿ, ವೇದಿಕೆಗಳಲ್ಲಿ ಕುಳಿತಿರುವಿರಿ. ಯಾವನೋ ಒಬ್ಬ ಹುಡುಗ ಹೆಸರು ಬರೆಸಲು ಬಂದು, ಬರೆಯುವವನ ಕೈ ತಡೆದಾಗ, ಅವನು ತಮ್ಮ ಕಡೆ ನೋಡುತ್ತಾನೆ. ಆಗ ನಮ್ಮಂತೆ ಸುಮ್ಮನಿರಬೇಡಿ; ಅವನ ಹೆಸರನ್ನು ಬರೆಯಹೇಳಿರಿ.